ಜಯಶೀಲಳ ಕೈಯ ದೊಡ್ಡಪತ್ರೆ

ನಾನೊಂದು ದೊಡ್ಡಪತ್ರೆ ಗಿಡ. ಬೀಜದಿಂದ ಹುಟ್ಟಿದ್ದಲ್ಲ. ನಮ್ಮ ಜಾತಿಯಲ್ಲಿ ಹುಟ್ಟುವುದೆಂದರೆ ಮುರಿಯುವುದು. ಯಾರೋ ಒಂದು ಟೊಂಗೆ ಚಿವುಟುತ್ತಾರೆ, ಎಲ್ಲೋ ಒಂದು ಕಡೆ ಮಣ್ಣಿಗೆ ಚುಚ್ಚುತ್ತಾರೆ. ಚಿವುಟಿಸಿಕೊಂಡದ್ದೂ ನಾನೇ, ಚುಚ್ಚಿಸಿಕೊಂಡದ್ದೂ ನಾನೇ. ಹಾಗಾಗಿ ಒಂದು ಡಬ್ಬದಲ್ಲಿ ಸತ್ತು ಅದರ ಪಕ್ಕದ ಡಬ್ಬದಲ್ಲಿ ಬದುಕಿರುವುದು ನನಗೆ ಸಾಧ್ಯ. ಈ ಕಥೆಯಲ್ಲಿ ನಾನು ಮತ್ತೆ ಮತ್ತೆ ಸಾಯುತ್ತೇನೆ. ಓದುವವರು ಅದಕ್ಕಾಗಿ ಮರುಗಬೇಕಾಗಿಲ್ಲ, ಮರುಗಬೇಕಾದದ್ದು ಬೇರೆ ಇದೆ.

ನನ್ನ ಬಗ್ಗೆ ಜನ ಆಡುವ ಮಾತು ಒಂದೇ: “ಅದೇನ್ ಬಿಡಿ, ಎಲ್ಲಿ ಚುಚ್ಚಿದ್ರೂ ಬರ್ತೈತೆ.” ಹೊಗಳಿಕೆಯೋ ತಾತ್ಸಾರವೋ ನನಗೆ ಈವರೆಗೆ ಬಗೆಹರಿದಿಲ್ಲ. ಗುಲಾಬಿಗೆ ಯಾರೂ ಹಾಗೆನ್ನುವುದಿಲ್ಲ. ದಪ್ಪ ಎಲೆ, ಮೈತುಂಬ ನವಿರು ರೋಮ, ಮುಟ್ಟಿದರೆ ಸಾಕು ಕೈಗೆ ಹತ್ತುವ ಘಾಟು. ನನ್ನಿಂದ ತಂಬುಳಿ ಮಾಡುತ್ತಾರೆ, ಬಜ್ಜಿ ಕರಿಯುತ್ತಾರೆ, ಮಗುವಿಗೆ ಶೀತವಾದರೆ ಬಾಡಿಸಿ ನೆತ್ತಿಯ ಮೇಲಿಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನ ಹಿತ್ತಲಲ್ಲಿ ನಾನಿರಲಿಲ್ಲವೆಂದು ಕಾಣುತ್ತದೆ.

ನನ್ನನ್ನು ಅರಸೀಕೆರೆಗೆ ತಂದವಳು ಹಾಲಮ್ಮ. ತಂದಳು ಎನ್ನುವುದಕ್ಕಿಂತ ಕದ್ದಳು ಎನ್ನುವುದೇ ಸರಿ. ಗಿಡವನ್ನು ಕೇಳಿ ತಂದರೆ ಹತ್ತುವುದಿಲ್ಲ, ಕದ್ದು ತಂದರೆ ಹಬ್ಬುತ್ತದೆ ಎಂಬುದು ಆ ಕಡೆಯ ಹೆಂಗಸರ ಶಾಸ್ತ್ರ. ತಿಪಟೂರಿನ ತವರುಮನೆಯ ಹಿತ್ತಲಲ್ಲಿ ಹಾಲಮ್ಮ ನನ್ನ ಟೊಂಗೆ ಮುರಿಯುವಾಗ ಅವಳ ಅತ್ತಿಗೆ ಬೇಕೆಂದೇ ಬೆನ್ನು ತಿರುಗಿಸಿ ನಿಂತು, ಬಾವಿಯ ರಾಟೆಯನ್ನು ಬಹಳ ಹೊತ್ತು ನೋಡಿದಳು. ಕದ್ದವಳಿಗೂ ಗೊತ್ತು, ಕಳೆದುಕೊಂಡವಳಿಗೂ ಗೊತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಟಿಫನ್ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿ ಕೂತು, ನಾನು ರೈಲಿನಲ್ಲಿ ಊರು ಬದಲಿಸಿದೆ.

ಹಾಲಮ್ಮನ ಮಗ ರುದ್ರೇಶ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸಕ್ಕಿದ್ದ. ಅವರಿದ್ದದ್ದು ಕೆಂಪು ಇಟ್ಟಿಗೆಯ ಒಂದು ಕ್ವಾರ್ಟರ್ಸ್. ಮುಂದೆ ಒಂದು ಕೋಣೆ, ನಡುವೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದಕ್ಕೆ ತಾಗಿ ಬಚ್ಚಲು. ಬಚ್ಚಲ ನೀರು ಹರಿಯುವ ಕಡೆ ಒಂದಿಷ್ಟು ಹಿತ್ತಲು. ಅಷ್ಟೇ ಜಾಗದಲ್ಲಿ ಹಾಲಮ್ಮ ಒಂದು ಅಡಿಗೆಯನ್ನೇ ಬೆಳೆದಿದ್ದಳು. ಕರಿಬೇವು ಇತ್ತು, ಚಪ್ಪರಕ್ಕೆ ಹಬ್ಬಿದ ಬಸಳೆ ಇತ್ತು, ಒಡೆದ ಬಕೆಟ್ಟಿನಲ್ಲಿ ಸಬ್ಬಸಿಗೆ ಇತ್ತು, ಹಳೆಯ ಎಣ್ಣೆ ಡಬ್ಬದಲ್ಲಿ ನಾನು. ಮೋಟುಗೋಡೆಯ ಆಚೆ ಲೋಕೋ ಶೆಡ್ಡಿನ ಫಿಟ್ಟರ್ ಒಬ್ಬನ ಹೆಂಡತಿ ಮೆಹರುನ್ನಿಸಾ ಪುದೀನ ಬೆಳೆಯುತ್ತಿದ್ದಳು. ಗೋಡೆಯ ಮೇಲಿಂದ ಪುದೀನ ಈಚೆ ಬರುತ್ತಿತ್ತು, ನಾನು ಆಚೆ ಹೋಗುತ್ತಿದ್ದೆ.

ಹಾಲಮ್ಮನ ಕೈಗುಣ ಕಾಲೋನಿಗೆಲ್ಲ ಹೆಸರಾಗಿತ್ತು. ಒಣಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಜನ ಹೇಳುತ್ತಿದ್ದರು. ಉಪ್ಪಿನಕಾಯಿಗೆ ಉಪ್ಪು ಬೆರೆಸಲು, ಹೊಸ ಸೊಸೆ ಮೊದಲ ಸಲ ಹಾಲಿಗೆ ಹೆಪ್ಪು ಹಾಕುವಾಗ ಪಕ್ಕದಲ್ಲಿ ನಿಲ್ಲಲು ಅವಳನ್ನು ಕರೆಯುತ್ತಿದ್ದರು. ಅವಳೂ ಅದನ್ನು ನಂಬಿದ್ದಳು. ದಿನವೂ ಹೊಗಳಿಸಿಕೊಂಡ ಕೈಯನ್ನು ನಂಬದೆ ಇರುವುದು ಕಷ್ಟ.

ಆ ಮನೆಗೆ ಸೊಸೆಯಾಗಿ ಬಂದವಳು ಜಯಶೀಲ, ಚಳ್ಳಕೆರೆಯ ಕಡೆಯ ಹುಡುಗಿ. ಮಾತು ಕಡಿಮೆ, ನಡಿಗೆ ಚುರುಕು. ಅವಳ ಊರಿನ ಬಿಸಿಲಲ್ಲಿ ಗಿಡ ಉಳಿಯಬೇಕಾದರೆ ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ಹೊರಬೇಕಂತೆ. ನೀರು ಹೊತ್ತಷ್ಟೂ ಪ್ರೀತಿ. ಅವಳು ಬಂದ ಹೊಸದರಲ್ಲಿ ನಲ್ಲಿ ತಿರುಗಿಸಿ, ನೀರು ಬೀಳುವುದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಹಾಲಮ್ಮ ಒಳಗಿಂದ, ನಲ್ಲಿಗೇನು ದೃಷ್ಟಿ ಹಾಕ್ತಾ ಇದೀಯಾ ಎಂದು ಕೇಳಿ ನಗುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಆಗ ಮುನಿಸೇನೂ ಇರಲಿಲ್ಲ. ಒಬ್ಬಳು ಸೊಪ್ಪು ಬಿಡಿಸಿದರೆ ಇನ್ನೊಬ್ಬಳು ಹೆಚ್ಚುತ್ತಿದ್ದಳು.

ಎರಡನೆಯ ವರ್ಷ ಜಯಶೀಲ ಬಸುರಾದಳು. ದಿನ ತುಂಬಿ ಆಸ್ಪತ್ರೆಗೆ ಹೋದಳು. ಹಿಂದಿರುಗುವಾಗ ಅವಳ ಮಡಿಲಲ್ಲಿ ಏನೂ ಇರಲಿಲ್ಲ. ಮಗು ಹೊಟ್ಟೆಯಲ್ಲೇ ಉಸಿರು ನಿಲ್ಲಿಸಿತ್ತು ಎಂದು ಹಾಲಮ್ಮ ಗೋಡೆಯ ಮೇಲಿಂದ ಮೆಹರುನ್ನಿಸಾಳಿಗೆ ಹೇಳಿದಳು. ಹಸಿ ಬಾಣಂತಿ ಹೆದರಿಕೊಂಡಾಳೆಂದು ಮಗುವನ್ನು ಅವಳಿಗೆ ತೋರಿಸಲಿಲ್ಲ. ಹಾಲಮ್ಮನೂ ರುದ್ರೇಶನೂ ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಜಯಶೀಲ ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅವಳು ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು.

ಹಾಲಮ್ಮ ಕೆಟ್ಟವಳಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ಮರೆತೀರಿ. ಸೊಸೆಯ ಕೈಗೆ ಏನಾದರೊಂದು ಕೆಲಸ ಬೇಕೆಂದು ಅವಳಿಗೆ ತೋಚಿತು. ಒಂದು ಬೆಳಿಗ್ಗೆ ಖಾಲಿ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ, ನನ್ನ ಒಂದು ಟೊಂಗೆ ಮುರಿದು ಸೊಸೆಯ ಕೈಗಿಟ್ಟಳು. ನೀನೇ ನೆಡು, ನೀನೇ ನೋಡಿಕೋ, ಇದು ಯಾರ ಕೈಗಾದರೂ ಬರುತ್ತದೆ ಎಂದಳು. ಜಯಶೀಲ ನೆಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಅಂದು ಏನೋ ಕದಲಿತು.

ಅವಳು ತನ್ನೂರಿನ ರೂಢಿಯಂತೆ ದಿನಕ್ಕೆರಡು ಸಲ, ಮಧ್ಯಾಹ್ನ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಹೊಯ್ದಳು. ಅಷ್ಟನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಹಾಲಮ್ಮನಿಗೆ ಒಳಗೊಳಗೇ ಒಂದು ಭಯ. ಈ ಹುಡುಗಿಯ ಡಬ್ಬದ ಗಿಡವೂ ಹೋದರೆ ಹುಡುಗಿ ಉಳಿಯುವುದಿಲ್ಲ ಎಂದುಕೊಂಡಳು. ಅದಕ್ಕೇ ಸೊಸೆ ಏಳುವ ಮೊದಲೇ ಎದ್ದು, ತನ್ನ ಹೆಸರಾಂತ ಕೈಯಿಂದ ಆ ಡಬ್ಬಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಗಿಡ ಬಂದದ್ದು ಅತ್ತೆಯ ಕೈಯಿಂದ ಎಂದಾಗಿಬಿಡುತ್ತದಲ್ಲ. ಅತಿಯಾದರೆ ಅಮೃತವೂ ವಿಷ. ನನಗೆ ಬೇಕಾದದ್ದು ಬಿಸಿಲು, ಒಣಗಿದ ಮಣ್ಣು, ಆಗೊಮ್ಮೆ ಈಗೊಮ್ಮೆ ಒಂದು ಗುಟುಕು. ಬುಡ ಕಪ್ಪಾಯಿತು, ಕಾಂಡ ಲೋಳೆಯಾಯಿತು, ಎಲೆ ಒಂದೊಂದೇ ಉದುರಿತು. ಇಬ್ಬರು ಹೆಂಗಸರ ಅಕ್ಕರೆಯಲ್ಲಿ ನಾನು ಕೊಳೆತೆ.

ಹಾಲಮ್ಮ ಇನ್ನೊಂದು ಟೊಂಗೆ ಕೊಟ್ಟಳು. ಈ ಸಲ ಇಬ್ಬರೂ ಇನ್ನಷ್ಟು ಜಾಗ್ರತೆ ಮಾಡಿದರು, ಅಂದರೆ ಇನ್ನಷ್ಟು ನೀರು ಹಾಕಿದರು. ಅದೂ ಕೊಳೆಯಿತು. ಅದರ ಮುಂದಿನದೂ ಉಳಿಯಲಿಲ್ಲ. ಪಕ್ಕದ ಡಬ್ಬದಲ್ಲಿ ಕೊಬ್ಬಿ ಬೆಳೆದು ಕೂತಿದ್ದ ನಾನೇ ಈ ಡಬ್ಬದ ನನ್ನನ್ನು ನೋಡುತ್ತಿದ್ದೆ. ಕೂಗಿ ಹೇಳಲು ಬಾಯಿಲ್ಲ. ಘಾಟಿದೆ, ಮಾತಿಲ್ಲ.

ಕಾಲೋನಿಯ ಹೆಂಗಸರು ನಲ್ಲಿಯ ಹತ್ತಿರ ಪಿಸುಗುಟ್ಟಿದರು. ಎಲ್ಲಿ ಚುಚ್ಚಿದರೂ ಬರುವ ಗಿಡ ಇವಳ ಕೈಗೆ ಬರುವುದಿಲ್ಲವೆಂದರೆ ಏನರ್ಥ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಬುದ್ಧಿ ಮನುಷ್ಯರಲ್ಲಿ ಹಳೆಯದು. ಮೂರನೆಯ ಟೊಂಗೆಯನ್ನು ಕಿತ್ತು ಬಿಸಾಡುವ ದಿನ ಹಾಲಮ್ಮನ ಬಾಯಿಂದಲೇ ಆ ಮಾತು ಜಾರಿತು.

“ನಿನ್ನ ಕೈಗೆ ದೊಡ್ಡಪತ್ರೆನೂ ಬರ್ಲಿಲ್ವಲ್ಲೇ ಶೀಲ.”

ಬೈಗುಳವಲ್ಲ ಅದು, ನಿಟ್ಟುಸಿರು. ಬೈದಿದ್ದರೆ ಜಯಶೀಲ ಅತ್ತು ಮರೆಯುತ್ತಿದ್ದಳೇನೋ. ನಿಟ್ಟುಸಿರನ್ನು ಮರೆಯುವುದು ಹೇಗೆ? “ದೊಡ್ಡಪತ್ರೆನೂ” ಎಂದರೆ, ಅದಕ್ಕೂ ಮೊದಲು ಬಾರದೆ ಹೋದದ್ದು ಯಾವುದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಅವಳು ತನ್ನ ಕೈಯನ್ನು ಕಟ್ಟಿಹಾಕಿದಳು. ಹೆಪ್ಪು ಹಾಕಲು ಗಂಡನನ್ನು ಕರೆಯುತ್ತಿದ್ದಳು. ಸಿಗ್ನಲ್ ಕಂಬ ಹತ್ತಿಳಿದು ಬಂದ ರುದ್ರೇಶ ಒಂದು ಮಾತೂ ಕೇಳದೆ ಚಮಚದಲ್ಲಿ ಮಜ್ಜಿಗೆ ಎತ್ತಿ ಹಾಲಿಗೆ ಬಿಡುತ್ತಿದ್ದ. ಉಪ್ಪಿನಕಾಯಿ ಹಾಕುವ ದಿನ ಅವಳು ಅಡಿಗೆಮನೆಯಿಂದ ಹೊರಗೆ ಇರುತ್ತಿದ್ದಳು. ಮೆಹರುನ್ನಿಸಾಳ ಮೊಮ್ಮಗ ತೆವಳಿಕೊಂಡು ಬಂದು ಅವಳ ಸೀರೆ ಹಿಡಿದರೆ, ಎರಡೂ ಕೈ ಸೆರಗಿನೊಳಗೆ ಸೇರಿಸಿ ಹಿಂದೆ ಸರಿಯುತ್ತಿದ್ದಳು. ಅವಳ ಡಬ್ಬ ಒಣಮಣ್ಣು ತುಂಬಿಕೊಂಡು ನನ್ನ ಪಕ್ಕದಲ್ಲಿ ಖಾಲಿ ಕೂತಿತ್ತು.

ಹೀಗೆ ಕೆಲವು ವರ್ಷ ಕಳೆದವು. ಆಮೇಲೆ ಬೀರೂರಿಗೆ ಕೊಟ್ಟಿದ್ದ ಹಾಲಮ್ಮನ ಮಗಳು ಪ್ರಮೀಳ ಹೆರಿಗೆಗೆ ಬಂದಳು. ಹೆಣ್ಣು ಮಗು. ಮನೆ ತುಂಬ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹುರಿದ ವಾಸನೆ. ಹಿತ್ತಲಿಗೆ ಬಿಡುವಿಲ್ಲದ ಕೆಲಸ. ಹಾಲಿಳಿಯಲಿ ಎಂದು ಸಬ್ಬಸಿಗೆ ಕೊಯ್ದರು, ಸಾರಿಗೆ ಕರಿಬೇವು ಕಿತ್ತರು, ಮಗು ಸೀನಿದಾಗಲೆಲ್ಲ ನನ್ನ ಎಲೆ ಕೆಂಡದ ಮೇಲೆ ಬಾಡಿತು. ಬಾಣಂತಿಯ ಅಡಿಗೆಯನ್ನೆಲ್ಲ ಜಯಶೀಲಳೇ ಮಾಡಿದಳು, ಬಟ್ಟೆಯನ್ನೆಲ್ಲ ಅವಳೇ ಒಗೆದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಅದು ಅತ್ತರೆ ಬಾಗಿಲ ತನಕ ಬಂದು, ಪ್ರಮೀಳ ಎಂದು ಕರೆದು ಅಲ್ಲೇ ನಿಲ್ಲುತ್ತಿದ್ದಳು. ಮಗುವಿಗೆ ದಿನವೂ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಹಾಲಮ್ಮ. ಮಣೆಯ ಮೇಲೆ ಕೂತು, ಕಾಲು ನೀಡಿ, ಅದರ ಮೇಲೆ ಮಗುವನ್ನು ಬೋರಲು ಮಲಗಿಸಿ ಅವಳು ಹದಬಿಸಿ ನೀರು ಹೊಯ್ಯುವುದು ಬಚ್ಚಲ ಬಾಗಿಲಿಂದ ನನಗೆ ಕಾಣುತ್ತಿತ್ತು.

ಒಂದು ದಿನ ಪ್ರಮೀಳ ಮಗುವಿಗೆಂದು ನನ್ನ ಟೊಂಗೆ ಮುರಿದು, ಎಲೆಗಳನ್ನು ಬಿಡಿಸಿಕೊಂಡು, ಉಳಿದ ಬೋಳುಕಡ್ಡಿಯನ್ನು ಬಿಸಾಡಲು ಮನಸ್ಸಾಗದೆ ಖಾಲಿ ಡಬ್ಬಕ್ಕೆ ಚುಚ್ಚಿ ಹೋದಳು. ಅದು ಯಾರ ಡಬ್ಬ, ಅದರ ಕಥೆ ಏನು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳು ಚುಚ್ಚುವುದನ್ನು ಜಯಶೀಲ ಅಡಿಗೆಮನೆಯ ಬಾಗಿಲಿಂದ ಕಂಡಳು. ನೆಟ್ಟವಳು ನಾನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡವಳಂತೆ, ಅರ್ಧ ಚೊಂಬು ನೀರು ತಂದು ಹೆದರುತ್ತ ಹೊಯ್ದಳು.

ಡಬ್ಬದಲ್ಲಿ ಕಡ್ಡಿ ಇರುವುದನ್ನು ಹಾಲಮ್ಮನೂ ನೋಡಿದಳು. ಸೊಸೆ ಮತ್ತೆ ನೆಟ್ಟಿದ್ದಾಳೆಂದೇ ತಿಳಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ, ಹಳೆಯ ಅಭ್ಯಾಸದಂತೆ, ಚೊಂಬು ತುಂಬಿಕೊಂಡು ನಲ್ಲಿಯ ಕಲ್ಲಿನಿಂದ ಈ ಕಡೆ ಕಾಲಿಟ್ಟಳು. ಪಾಚಿ ಕಟ್ಟಿದ ಕಲ್ಲು. ಜಾರಿ ಬಲಗೈಯ ಮೇಲೆ ಬಿದ್ದಳು. ಚೊಂಬು ಉರುಳಿ ನೀರೆಲ್ಲ ಬಚ್ಚಲ ಮೋರಿಗೆ ಹೋಯಿತು. ಮುಖ ತೊಳೆಯಲು ಬಂದು ಬಿದ್ದಳೆಂದು ಮನೆಯವರು ಅಂದುಕೊಂಡರು. ಮಣಿಕಟ್ಟು ಮುರಿದಿತ್ತು. ಸಂಜೆಯ ಹೊತ್ತಿಗೆ ಕಾಲೋನಿ ಮೆಚ್ಚಿದ ಆ ಕೈ ಸುಣ್ಣದ ಕಟ್ಟಿನೊಳಗೆ ಬಿಗಿಯಾಗಿ ಕೂತಿತ್ತು.

ಮಗುವಿಗೆ ಎರೆಯಲು ಮೆಹರುನ್ನಿಸಾ ಬಂದಳು. ದಿನವೂ ಬಂದು, ಒಂದು ತೊಟ್ಟು ಕಾಫಿ ಕುಡಿದು, ಎರೆದು, ದೃಷ್ಟಿ ತೆಗೆದು ಹೋಗುತ್ತಿದ್ದಳು. ಹಾಲಮ್ಮ ಕೊರಳಿಗೆ ಕೈ ತೂಗುಹಾಕಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮಾಡಲು ಏನೂ ಇಲ್ಲದವರಿಗೆ ಎಲ್ಲವೂ ಕಾಣುತ್ತದೆ. ಬೋಳುಕಡ್ಡಿಯ ಗಿಣ್ಣಿನಲ್ಲಿ ಮೊದಲು ಎರಡು ಹಸಿರು ಚುಕ್ಕೆ ಮೂಡಿದವು. ಅವು ಎಲೆಯಾದವು. ಅವುಗಳ ಕಂಕುಳಲ್ಲಿ ಮತ್ತೆರಡು ಬಂದವು. ಜಯಶೀಲ ದಿನವೂ ಮಧ್ಯಾಹ್ನ ಅರ್ಧ ಚೊಂಬು ನೀರು ತಂದು, ಯಾರಾದರೂ ನೋಡಿಯಾರೆಂದು ಬೇಗ ಹೊಯ್ದು ಹೋಗುತ್ತಿದ್ದಳು. ಹಾಲಮ್ಮ ಅದನ್ನೂ ನೋಡಿದಳು. ಒಂದು ಮಧ್ಯಾಹ್ನ ಅವಳ ಮುಖ ಇದ್ದಕ್ಕಿದ್ದಂತೆ ಇಳಿದುಹೋಯಿತು. ಲೆಕ್ಕ ಅವಳಿಗೆ ಹೊಳೆದಿತ್ತು. ಈ ಸಲ ಆ ಡಬ್ಬಕ್ಕೆ ಒಂದು ಹನಿಯೂ ಬೀಳದೆ ಉಳಿದದ್ದು ತನ್ನ ನೀರು.

ಆದರೂ ಅವಳು ತಕ್ಷಣ ಬಾಯಿ ಬಿಡಲಿಲ್ಲ. ಊರು ಹೊಗಳಿದ ಕೈಯೇ ಕೊಳೆಸಿದ್ದು ಎಂದು ಒಪ್ಪುವುದು ಮುದುಕಿಗೆ ಸುಲಭವೇ? ಅನ್ನ ಸರಿಯಾಗಿ ಉಣ್ಣಲಿಲ್ಲ, ಮಗಳ ಮೇಲೆ ಸಿಡುಕಿದಳು. ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಆ ದಿನಗಳಲ್ಲಿ ಮಾತ್ರ.

ಮೆಹರುನ್ನಿಸಾ ಮದುವೆಯೊಂದಕ್ಕೆ ಕಡೂರಿಗೆ ಹೋಗಬೇಕಾಯಿತು. ಆ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾದಿತ್ತು, ಮಗುವಿಗೆ ಎಣ್ಣೆ ಹಚ್ಚಿಯಾಗಿತ್ತು. ಪ್ರಮೀಳಳ ಹೊಲಿಗೆ ಇನ್ನೂ ಮಾಗಿರಲಿಲ್ಲ, ಅವಳು ಮಣೆಯ ಮೇಲೆ ಕೂರುವಂತಿರಲಿಲ್ಲ. ಅತ್ತಿಗೆ ನೀವೇ ಎರೆಯಿರಿ ಎಂದು ಮಗುವನ್ನು ಮುಂದೆ ಚಾಚಿದಳು. ಜಯಶೀಲ ಗೋಡೆಗೆ ಬೆನ್ನು ತಾಗುವ ತನಕ ಹಿಂದೆ ಸರಿದಳು. ಕೈ ಎರಡೂ ಸೆರಗಿನೊಳಗೆ ಹೋದವು.

“ಬ್ಯಾಡ ಪ್ರಮೀಳ. ನನ್ನ ಕೈ ಒಳ್ಳೇದಲ್ಲ.”

ಪ್ರಮೀಳ ಅರ್ಥವಾಗದೆ ತಾಯಿಯ ಮುಖ ನೋಡಿದಳು. ಎಣ್ಣೆ ಮೈಯ ಮಗು ಗಾಳಿಗೆ ನಡುಗಿ ಅಳಲು ಶುರುಮಾಡಿತು. ಹಾಲಮ್ಮ ಮೆಟ್ಟಿಲಿಂದ ಎದ್ದು, ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಶೀಲ, ಆ ಡಬ್ಬ ನೋಡು.”

“ಅದು ಪ್ರಮೀಳ ನೆಟ್ಟಿದ್ದು ಅತ್ತೆ.”

“ನೆಟ್ಟೋಳು ಅವ್ಳು. ನೀರು ಹುಯ್ದು ಬದುಕ್ಸಿದೋಳು ನೀನು.” ಹಾಲಮ್ಮ ಕಟ್ಟು ಹಾಕಿದ ತನ್ನ ಕೈಯನ್ನು ನೋಡಿಕೊಂಡಳು. “ಮುಂಚೆ ನೀನು ನೆಟ್ಟಾಗೆಲ್ಲ ನಾನೂ ಹುಯ್ತಿದ್ದೆ ಕಣೆ. ನೀನು ಏಳೋಕ್ ಮುಂಚೆ. ನಿನ್ ಗಿಡ ಬದುಕ್ಲಿ ಅಂತ. ನಾನೇ ಕೊಳೆಸ್ದೆ. ಅನ್ನಬಾರದ ಮಾತು ನಿಂಗಂದೆ.”

ಜಯಶೀಲ ಡಬ್ಬವನ್ನು ನೋಡಿದಳು. ನನ್ನನ್ನು ನೋಡಿದಳು ಎನ್ನಬೇಕು. ಸಮಾಧಾನವಾಗಬಹುದೆಂದು ನಾನು ಕಾದಿದ್ದೆ. ಆದರೆ ಆ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ. ಅಷ್ಟು ವರ್ಷ ಅವಳು ಒಳಗೆ ಹೂತಿಟ್ಟಿದ್ದ ಪ್ರಶ್ನೆ ಅದು.

“ಹಂಗಾದ್ರೆ ನನ್ ಮಗು, ಅತ್ತೆ?”

ಹಾಲಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಳು.

“ಅದುಕ್ಕೂ ನಿನ್ ಕೈಗೂ ಏನವ್ವ ಸಂಬಂಧ? ನೀನು ಅದನ್ನ ಮುಟ್ಟೇ ಇಲ್ಲ. ಮುಟ್ಟಾಕೆ ನಾವು ಬಿಡ್ಲೇ ಇಲ್ಲ.”

ಜಯಶೀಲ ಅತ್ತಳು. ಆಸ್ಪತ್ರೆಯಿಂದ ಬಂದ ದಿನ ಅಳದ ಅಳು ಅದು. ಪ್ರಮೀಳಳೂ ಅತ್ತಳು, ಮಗುವಂತೂ ಆಗಲೇ ಅಳುತ್ತಿತ್ತು. ಹಂಡೆಯ ನೀರು ಆರುತ್ತಿದೆ ಎಂದು ಕೊನೆಗೆ ಹೇಳಿದವಳು ಜಯಶೀಲಳೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಣೆಯ ಮೇಲೆ ಕೂತಳು, ಕಾಲು ನೀಡಿದಳು.  ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ನೀರಿನ ಬಿಸಿಯನ್ನು ಮೊದಲು ತನ್ನ ಮೊಣಕೈಗೆ ಹೊಯ್ದು ನೋಡಿ, ಮೆಲ್ಲಗೆ ಬೆನ್ನ ಮೇಲೆ ಬಿಟ್ಟಳು. ಮಗು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಎರೆದು ಮುಗಿಸಿ ಬಟ್ಟೆಯಲ್ಲಿ ಸುತ್ತಿದ ಮೇಲೂ ಅವಳು ಅದನ್ನು ಬಹಳ ಹೊತ್ತು ಕೊಡಲಿಲ್ಲ, ಪ್ರಮೀಳಳೂ ಕೇಳಲಿಲ್ಲ.

ಆ ಭಾನುವಾರ ಅವಳು ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು, ಮಗುವನ್ನು ಇಟ್ಟ ಜಾಗ ತೋರಿಸಿ ಎಂದಳು. ಹೊರಡುವ ಮೊದಲು ಹಿತ್ತಲಿಗೆ ಬಂದು, ತನ್ನ ಡಬ್ಬದಲ್ಲಿ ಚಿಗುರಿದ್ದ ನನ್ನ ಟೊಂಗೆಯೊಂದನ್ನು ತಾನೇ ಮುರಿದುಕೊಂಡಳು. ಮೂವರೂ ರೈಲು ಹಳಿ ದಾಟಿ, ಹಳ್ಳದ ದಿಬ್ಬ ಹತ್ತಿ, ಒಂದು ಹೊಂಗೆಮರದ ಹತ್ತಿರ ಬಂದರು. ಹಾಲಮ್ಮ ಇಲ್ಲೇ ಎಲ್ಲೋ ಎಂದು ಸುತ್ತ ಹುಡುಕಿದಳು. ರುದ್ರೇಶ ಹುಡುಕಲಿಲ್ಲ. ನೇರ ಹೋಗಿ ಬಗ್ಗಿ ಹುಲ್ಲು ಸರಿಸಿದ. ಹಳಿಯ ಜಲ್ಲಿಯ ಒಂದು ಕರಿಕಲ್ಲು ಅಲ್ಲಿತ್ತು. ಅದರ ಸುತ್ತ ಒಂದು ಗೇಣು ಜಾಗದಲ್ಲಿ ಮಾತ್ರ ಯಾರೋ ಕಳೆ ಕಿತ್ತಿದ್ದರು. ಅವನು ಅಲ್ಲಿಗೆ ಬಂದುಹೋಗುತ್ತಿದ್ದನೆಂದು ಹೆಂಡತಿಗೆ ತಿಳಿದದ್ದು ಆಗಲೇ. ಅವಳು ಅವನ ಮುಖ ನೋಡಿದಳು, ಅವನು ಕಲ್ಲನ್ನು ನೋಡುತ್ತ ನಿಂತಿದ್ದ.

ಜಯಶೀಲ ಕಲ್ಲಿನ ಪಕ್ಕದಲ್ಲಿ ಬೆರಳಿಂದಲೇ ಮಣ್ಣು ಬಗೆದು ನನ್ನನ್ನು ನೆಟ್ಟಳು. ಹಾಲಮ್ಮ ಎಡಗೈಯಲ್ಲಿ ಒಂದು ಚೊಂಬು ನೀರು ಹಿಡಿದು ತಂದಿದ್ದಳು. ಹೊಯ್ಯಲೇ ಎಂದು ಕೇಳಿದಳು. ಸೊಸೆಯನ್ನು ಅವಳು ಹಾಗೆ ಕೇಳಿದ್ದು ಅದೇ ಮೊದಲು.

“ಒಂದು ಗುಟುಕು ಸಾಕು ಅತ್ತೆ,” ಎಂದಳು ಜಯಶೀಲ.

ಈಗ ಈ ಕಲ್ಲಿನ ಪಕ್ಕದ ನನಗೆ ವಯಸ್ಸಾಗಿದೆ. ಬುಡ ಕಟ್ಟಿಗೆಯಾಗಿದೆ, ಕೆಳಗಿನ ಟೊಂಗೆಗಳು ಭಾರ ತಾಳದೆ ನೆಲಕ್ಕೊರಗಿ ಅಲ್ಲಲ್ಲೇ ಬೇರು ಬಿಟ್ಟಿವೆ. ಮಳೆ ಬಂದರೆ ಕುಡಿಯುತ್ತೇನೆ, ಬಾರದಿದ್ದರೆ ಕಾಯುತ್ತೇನೆ. ಹಾಲಮ್ಮ ತೀರಿಕೊಂಡು ಬಹಳ ಕಾಲವಾಯಿತು. ಕಾಲೋನಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಮಗುವಿಗೆ ಎರೆಯಲು ಜಯಶೀಲಳನ್ನೇ ಕರೆಯುತ್ತಾರಂತೆ. ಅವಳ ಕೈಗುಣ ದೊಡ್ಡದೆಂದು ಯಾರಾದರೂ ಹೇಳಿದರೆ ಅವಳು ಮಾತ್ರ ಹೂಂ ಎನ್ನುವುದಿಲ್ಲ. ಕೈಯಲ್ಲಿ ಏನೂ ಇಲ್ಲ ಎನ್ನುತ್ತಾಳೆ. ಅವಳಿಗೆ ಬೇರೆ ಮಕ್ಕಳಾಗಲಿಲ್ಲ.

ಅಡಿಗೆಮನೆಗೆಂದೇ ಬೆಳೆಸುವ ಸೊಪ್ಪು ನಾನು. ಇಲ್ಲಿ ನನ್ನನ್ನು ಯಾರೂ ಕೊಯ್ಯುವುದಿಲ್ಲ, ಯಾರ ಸಾರಿಗೂ ಬೀಳುವುದಿಲ್ಲ. ಎಲೆ ಬಲಿತು ತಾನಾಗಿ ಉದುರಿ ಕಲ್ಲಿನ ಸುತ್ತ ಗೊಬ್ಬರವಾಗುತ್ತದೆ. ಮೊದಮೊದಲು ಇದೇನು ಬಾಳು ಎಂದು ನನಗೂ ಬೇಸರವಾಗುತ್ತಿತ್ತು, ಈಗಿಲ್ಲ. ಜಯಶೀಲ ಬಿಡುವಾದಾಗ ಬರುತ್ತಾಳೆ. ಕೂರುತ್ತಾಳೆ. ಎರಡೂ ಕೈಯಿಂದ ನನ್ನ ಎಲೆಗಳನ್ನು ಮಗುವಿನ ತಲೆ ಸವರಿದಂತೆ ಸವರುತ್ತಾಳೆ, ಕೀಳುವುದಿಲ್ಲ. ನನ್ನ ಘಾಟು ಅವಳ ಅಂಗೈಗೆ ಹತ್ತುತ್ತದೆ. ಎದ್ದು ಹೊರಟಾಗ ದಾರಿಯಲ್ಲಿ ಹಳ್ಳವಿದೆ, ನೀರೂ ಇರುತ್ತದೆ. ಅವಳು ಕೈ ತೊಳೆಯುವುದಿಲ್ಲ. ಮುಖಕ್ಕೆ ಹಿಡಿದುಕೊಂಡೇ ಹಳಿ ದಾಟಿ ಮನೆಗೆ ಹೋಗುತ್ತಾಳೆ.